ಉತ್ತರಕ್ಕೆ ಕೈಲಾಸ, ಪಶ್ಚಿಮಕ್ಕೆ ಅಮೆರಿಕ

ನಮ್ಮತ್ತೆ ನಮ್ಮ ಜೊತೆ ಇರಲು ಬಂದ ಮೇಲೆ ತಮಗಾಗಿ ಒಂದು ದಿನವೂ ಏನನ್ನೂ ಕೇಳಿದವರಲ್ಲ. ಇದು ಹೊಗಳಿಕೆಯಲ್ಲ, ದೂರು. ಏನೂ ಕೇಳದವರ ಜೊತೆ ಬಾಳುವುದು ಎಷ್ಟು ಕಷ್ಟ ಎಂದು ಬಾಳಿದವರಿಗೇ ಗೊತ್ತು. ಹಬ್ಬಕ್ಕೆ ಸೀರೆ ತರಲೇ ಎಂದರೆ "ಬೀರು ತುಂಬ ಇದೆಯಲ್ಲ" ಎನ್ನುತ್ತಾರೆ. ಸ್ವೆಟರು ತರಲೇ ಎಂದರೆ "ನಂಗೆ ಚಳಿಯೇ ಆಗಲ್ಲ" ಎಂದು ಶಾಲನ್ನು ಇನ್ನೊಂದು ಸುತ್ತು ಸುತ್ತಿಕೊಳ್ಳುತ್ತಾರೆ. ಆದ್ದರಿಂದ ಅವರು ಒಂದು ಮಧ್ಯಾಹ್ನ ಸೋಫಾದಲ್ಲಿ ಕೂತು ಹುರುಳಿಕಾಯಿ ನಾರು ತೆಗೆಯುತ್ತಾ, ಟೀವಿಯ ಕಡೆ ಕೈ ತೋರಿಸಿ, "ಅದನ್ನ ಒಂದ್ಸಲ ಹತ್ರದಿಂದ ನೋಡ್ಬೇಕು ಕಣೆ" ಅಂದಾಗ ನಾನು ಒಲೆ ಆರಿಸಿ ಅಡುಗೆಮನೆಯಿಂದ ಓಡಿ ಬಂದೆ.

ಟೀವಿಯಲ್ಲಿ ಒಂದು ದೋಣಿ ಹೋಗುತ್ತಿತ್ತು. ಮಾತಿಲ್ಲ, ಸಂಗೀತವಿಲ್ಲ, ಸುಮ್ಮನೆ ಹೋಗುತ್ತಲೇ ಇತ್ತು. ಎರಡೂ ಬದಿಗೆ ನೆಟ್ಟಗೆ ಎದ್ದ ಬೆಟ್ಟಗಳು, ನಡುವೆ ಕಪ್ಪಗೆ ಹೊಳೆಯುವ ನೀರು. ಧಾರಾವಾಹಿಗಳ ಜಗಳ ನೋಡಿ ಅಜ್ಜಿಯ ಬೀಪಿ ಏರುತ್ತದೆ ಎಂದು ನನ್ನ ಮಗಳು ಹಾಕಿಕೊಟ್ಟಿದ್ದ ವಿಡಿಯೋ ಅದು. ನಾರ್ವೆ ದೇಶದ ಫ್ಯೋರ್ಡು. ಅಂದರೆ ಸಮುದ್ರವೇ ಬೆಟ್ಟಗಳ ಸಂದಿಯಲ್ಲಿ ಮೈಲಿಗಟ್ಟಲೆ ಒಳಗೆ ನುಗ್ಗಿ ಬಂದು ನಿಂತಿರುವ ಜಾಗ. ಅತ್ತೆಗೆ ಆ ಹೆಸರು ನಾಲಿಗೆಗೆ ಹತ್ತಲಿಲ್ಲ, ಬೆಟ್ಟದ ನೀರು ಎಂದು ಅವರೇ ಹೆಸರಿಟ್ಟುಕೊಂಡರು.

ಸಂಜೆ ನಮ್ಮವರು ಆಫೀಸಿನಿಂದ ಬಂದು ಶೂ ಬಿಚ್ಚುವ ಮೊದಲೇ ನಾನು ಸುದ್ದಿ ಒಪ್ಪಿಸಿದೆ. ಅವರಿಗೆ ಖುಷಿಯಾಯಿತು. ಖುಷಿಯಾದರೆ ನಮ್ಮವರು ನಗುವುದಿಲ್ಲ, ಲ್ಯಾಪ್‌ಟಾಪು ತೆಗೆಯುತ್ತಾರೆ.

ಮುಂದೆ ಆದದ್ದನ್ನು ಹೇಳುವ ಮೊದಲು ನಮ್ಮ ಮನೆಯ ಕಟ್ಟುಪಾಡು ಸ್ವಲ್ಪ ಹೇಳಬೇಕು. ನಾವು ಹಾಸನದ ಕಡೆಯ ಜೈನರು. ನಾನು ಹೆಸರಿಗೆ, ಅತ್ತೆ ಪೂರ್ತಿ. ಆಲೂಗಡ್ಡೆ, ಈರುಳ್ಳಿ, ನೆಲದ ಕೆಳಗೆ ಬೆಳೆಯುವ ಯಾವುದೂ ಕ್ಯಾಲಿಫೋರ್ನಿಯಾದ ನಮ್ಮ ನೆವಾರ್ಕಿನ ಅಡುಗೆಮನೆಯ ಹೊಸಿಲು ದಾಟುವುದಿಲ್ಲ. ಸೂರ್ಯ ಮುಳುಗಿದ ಮೇಲೆ ಅತ್ತೆ ಉಣ್ಣುವುದಿಲ್ಲ. ಡಿಸೆಂಬರಿನಲ್ಲಿ ಇಲ್ಲಿ ಸೂರ್ಯ ಐದಕ್ಕೆಲ್ಲ ಮನೆಗೆ ಹೋಗಿಬಿಡುತ್ತಾನೆ, ಆದ್ದರಿಂದ ನಾನು ಮೀಟಿಂಗಿನ ನಡುವೆ ಮೈಕು ಮುಚ್ಚಿ ಅವರಿಗೆ ಅನ್ನ ಬಡಿಸಿದ್ದುಂಟು. ಇವೆಲ್ಲ ಅಭ್ಯಾಸವಾಗಿದೆ. ಅಭ್ಯಾಸವಾಗದಿದ್ದದ್ದು ಅವರ ದಿಗ್ವ್ರತ.

ನನಗೆ ಮದುವೆಯಾದ ಹೊಸತರಲ್ಲಿ, ನಾನು ಗಂಡನ ಹಿಂದೆ ಇಲ್ಲಿಗೆ ಬಂದ ಮೇಲೆ, ಅತ್ತೆ ಶ್ರವಣಬೆಳಗೊಳದಲ್ಲಿ ಗುರುಗಳ ಮುಂದೆ ತೆಗೆದುಕೊಂಡ ವ್ರತ ಅದು. ಕಾಲು ಹೋದಷ್ಟು ದೂರ ಆಸೆಯೂ ಹೋಗುತ್ತದೆ, ಹೋದಲ್ಲೆಲ್ಲ ಇನ್ನೊಂದು ಜೀವಕ್ಕೆ ನೋವಾಗುತ್ತದೆ, ಆದ್ದರಿಂದ ಪ್ರತಿ ದಿಕ್ಕಿಗೂ ಒಂದು ಗಡಿ ಹೇಳಿ, ಬದುಕಿರುವವರೆಗೆ ಅದನ್ನು ದಾಟಬಾರದು. ಗುರುಗಳು ಹೇಳಿದರಂತೆ: ಬಾಯಲ್ಲಿ ಹೇಳುವ ಮೊದಲು ಆ ಜಾಗವನ್ನು ಮನಸ್ಸಿನಲ್ಲಿ ನಿಲ್ಲಿಸಿಕೊಳ್ಳಮ್ಮ. ಅತ್ತೆ ಒಂದೊಂದಾಗಿ ನಿಲ್ಲಿಸಿಕೊಂಡು ಹೇಳಿದರಂತೆ. ಪೂರ್ವಕ್ಕೆ ಸಮ್ಮೇದ ಶಿಖರ, ಅಲ್ಲಿಗೆ ಯಾತ್ರೆ ಹೋಗಿ ಬಂದಿದ್ದರು. ದಕ್ಷಿಣಕ್ಕೆ ಕನ್ಯಾಕುಮಾರಿ, ಅದೂ ನೋಡಿದ್ದಾಗಿತ್ತು. ಉತ್ತರಕ್ಕೆ ಕೈಲಾಸ, ಆದಿನಾಥರು ಮೋಕ್ಷಕ್ಕೆ ಹೋದ ಬೆಟ್ಟ, ಅದು ಕ್ಯಾಲೆಂಡರಿನ ಚಿತ್ರದಲ್ಲಿ ಗೊತ್ತು. ಕೆಳಕ್ಕೆ ಹಿತ್ತಲ ಬಾವಿಯ ತಳ. ಮೇಲಕ್ಕೆ ವಿಮಾನ ಹಾರುವಷ್ಟು. ಪಶ್ಚಿಮಕ್ಕೆ, ಅಮೆರಿಕ.

ಅಮೆರಿಕ ಅಂದಾಗ ಅಲ್ಲಿ ಕೂತಿದ್ದ ಹೆಂಗಸರೆಲ್ಲ ನಕ್ಕರಂತೆ. ನಾನೂ ಮೂವತ್ತು ವರ್ಷದಿಂದ ನಗುತ್ತಲೇ ಬಂದಿದ್ದೇನೆ. ಮೂರು ದಿಕ್ಕಿಗೆ ದೇವರು, ಒಂದು ದಿಕ್ಕಿಗೆ ಮಗ! ಅಡ್ಡಡ್ಡ ಭೂಮಿಯನ್ನೇ ಎಳೆದು ಮಗನ ಮನೆಯ ತನಕ ತಂದ ತಾಯಿ ಎಂದು ಬಂದ ನೆಂಟರಿಗೆಲ್ಲ ಹೇಳಿ ರೇಗಿಸಿದ್ದೇನೆ. ಅತ್ತೆ ತಮ್ಮ ಪಾಡಿಗೆ ಹುರುಳಿಕಾಯಿಯ ನಾರು ತೆಗೆಯುತ್ತಾರೆ.

ವ್ರತವನ್ನು ಅವರು ಎಷ್ಟು ಗಟ್ಟಿಯಾಗಿ ಹಿಡಿಯುತ್ತಾರೆ ಎಂಬುದು ನಮಗೆ ಬಾರ್ಟ್ ರೈಲಿನಲ್ಲಿ ತಿಳಿದಿತ್ತು. ಯೂನಿಯನ್ ಸಿಟಿಯಲ್ಲಿ ಹತ್ತಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುವಾಗ ಕಿವಿಯೆಲ್ಲ ಗುಯ್ಯೆಂದಿತು. ಇದೇನು ಎಂದು ಅತ್ತೆ ಕೇಳಿದ್ದಕ್ಕೆ ಮಗಳು ಹೆಮ್ಮೆಯಿಂದ, "ವೀ ಆರ್ ಅಂಡರ್ ದ ಬೇ, ಅಜ್ಜಿ!" ಅಂದಳು. ಸಮುದ್ರದ ತಳ ಹಿತ್ತಲ ಬಾವಿಗಿಂತ ಆಳವೋ ಅಲ್ಲವೋ ಎಂದು ಅತ್ತೆ ವಾದಿಸಲಿಲ್ಲ. ಮಾರನೆಯ ದಿನ ಉಪವಾಸ ಮಾಡಿದರು. ಅಂದಿನಿಂದ ಆ ಊರಿಗೆ ಹೋಗಬೇಕಾದರೆ ನಾವು ಕಾರಿನಲ್ಲಿ, ಸೇತುವೆಯ ಮೇಲೆ, ಟ್ರಾಫಿಕ್ಕಿನಲ್ಲಿ.

ಇಷ್ಟಿದ್ದೂ ನಾರ್ವೆಗೆ ಅಡ್ಡಿಯಿದೆ ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ. ಹೇಗೆ ಹೊಳೆಯಬೇಕು? ನಾರ್ವೆ ಇರುವುದು ಪಶ್ಚಿಮದ ದೇಶಗಳ ಕಡೆ. ಅಮೆರಿಕಕ್ಕಿಂತ ಹತ್ತಿರ, ದಾರಿಯಲ್ಲೇ ಬರುತ್ತದೆ. ಅತ್ತೆಯೂ ಹಾಗೇ ಅಂದುಕೊಂಡರು.

ನಮ್ಮವರು ಕಾರಿನ ಕಂಪನಿಯೊಂದರಲ್ಲಿ ಪ್ರಾಜೆಕ್ಟ್ ಮ್ಯಾನೇಜರು. ಪ್ರವಾಸಕ್ಕೂ ಮೀಟಿಂಗು ಕರೆಯುವ ಮನುಷ್ಯ. ಪ್ರತಿ ಶನಿವಾರ ಬೆಳಗ್ಗೆ ಕಾಫಿಯ ಜೊತೆ ನಾವು ನಾಲ್ವರು ಟೀವಿಯ ಮುಂದೆ ಕೂರಬೇಕು, ಅವರು ಲ್ಯಾಪ್‌ಟಾಪಿನ ಪರದೆಯನ್ನು ಟೀವಿಗೆ ಹಾಕಿ ವರದಿ ಒಪ್ಪಿಸುತ್ತಾರೆ. ಮೊದಲ ವಾರದ ಸಮಸ್ಯೆ ಊಟ. ಆ ದೇಶದಲ್ಲಿ ಮೀನು ಬಿಟ್ಟರೆ ಆಲೂಗಡ್ಡೆ, ಆಲೂಗಡ್ಡೆ ಬಿಟ್ಟರೆ ಮೀನು. ಆದ್ದರಿಂದ ಅಡುಗೆಮನೆಯಿರುವ ಬಾಡಿಗೆ ಮನೆ, ನಮ್ಮದೇ ರೈಸ್ ಕುಕ್ಕರು, ಹುರಿದ ರವೆ, ಮೆಂತ್ಯದ ಹಿಟ್ಟು.

ಎರಡನೆಯ ವಾರದ ಸಮಸ್ಯೆ ಸೂರ್ಯ. ಜೂನಿನಲ್ಲಿ ಅಲ್ಲಿ ರಾತ್ರಿ ಹತ್ತಾದರೂ ಬಿಸಿಲು. ಮಗಳು ಬಿದ್ದು ಬಿದ್ದು ನಕ್ಕಳು. "ಅಜ್ಜಿ, ಯೂ ಕೆನ್ ಈಟ್ ಆಲ್ ಡೇ!"

"ಹೊಟ್ಟೆ ಕೇಳ್ಬೇಕಲ್ಲ ಮಗಾ," ಎಂದರು ಅತ್ತೆ. ಆದರೆ ಮುಖದಲ್ಲಿ ತುಂಟ ನಗು. ಹತ್ತು ಗಂಟೆಗೆ ಬಿಸಿಬಿಸಿ ದೋಸೆ ತಿನ್ನುವ ಆಸೆ ಆ ಕ್ಷಣ ಅವರಿಗೆ ಬಂದಿತ್ತೆಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ.

ಮೂರನೆಯ ಸಮಸ್ಯೆ ಸುರಂಗ. ಆ ದೇಶದವರಿಗೆ ಸಮುದ್ರದ ಕೆಳಗೆ ರಸ್ತೆ ಕೊರೆಯುವ ಹುಚ್ಚು. ನಮ್ಮ ದಾರಿಯಲ್ಲಿ ಯಾವ ಸುರಂಗ ನೀರಿನಡಿ ಹೋಗುತ್ತದೆ ಎಂದು ನಮ್ಮವರು ಒಂದೊಂದಾಗಿ ಹುಡುಕಿ, ಅದರ ಬದಲು ದೋಣಿ ಹಾಕಿದರು. ಪ್ರವಾಸ ದಿನದಿಂದ ದಿನಕ್ಕೆ ಉದ್ದವಾಗುತ್ತಿತ್ತು. ಅತ್ತೆ ಮಾತ್ರ ಪ್ರತಿ ಬದಲಾವಣೆಗೂ ಚಿಕ್ಕ ಹುಡುಗಿಯ ಹಾಗೆ ಮುಂದಕ್ಕೆ ಬಾಗಿ ನೋಡುತ್ತಿದ್ದರು. "ಇಲ್ಲಿ ದೋಣಿ ನಿಲ್ಲಿಸ್ತಾರಾ? ಇಳೀಬಹುದಾ? ನೀರು ಮುಟ್ಟಬಹುದಾ?" ಎಂದು ಕೇಳುತ್ತಿದ್ದರು. ಅವರನ್ನು ಹಾಗೆ ನಾನು ನೋಡಿಯೇ ಇರಲಿಲ್ಲ. ಟಿಕೆಟ್ಟು ಬೇಗ ತೆಗೆಯಿರಿ ಎಂದು ನಾನು ಗಂಡನ ಜೀವ ತಿನ್ನುತ್ತಿದ್ದೆ.

ಟಿಕೆಟ್ಟು ತೆಗೆದು ಸುಮ್ಮನಿದ್ದರೆ ನಮ್ಮವರು ನಮ್ಮವರೇ ಅಲ್ಲ. ಕೊನೆಯ ಶನಿವಾರ ಅವರಿಗೆ ಒಂದು ಹೊಸ ಹುರುಪು ಬಂತು. ಅಮ್ಮನ ಗಡಿಗಳನ್ನೆಲ್ಲ ಬಣ್ಣದ ಗೆರೆಗಳಾಗಿ ಭೂಪಟದ ಮೇಲೆ ಎಳೆದುಬಿಟ್ಟರೆ ಯಾವ ದಾರಿ ಸರಿ, ಯಾವುದು ತಪ್ಪು ಎಂದು ಒಂದೇ ನೋಟಕ್ಕೆ ಕಾಣುತ್ತದಂತೆ. ಟೀವಿಯಲ್ಲಿ ಇಡೀ ಪ್ರಪಂಚ ಬಂತು. ಸಮ್ಮೇದ ಶಿಖರಕ್ಕೆ ಹಳದಿ ಗೆರೆ, ಕನ್ಯಾಕುಮಾರಿಗೆ ನೀಲಿ. ಆಮೇಲೆ ಕೈಲಾಸದ ಮೇಲೆ ಚುಕ್ಕೆಯಿಟ್ಟು, ಅಲ್ಲಿಂದ ಎರಡೂ ಕಡೆಗೆ ಭೂಪಟದ ಅಂಚಿನ ತನಕ ಕೆಂಪು ಗೆರೆ ಎಳೆದರು.

ಗೆರೆ ಅರಬರ ದೇಶಗಳ ಮೇಲೆ ಹಾದು, ಆಫ್ರಿಕಾದ ನೆತ್ತಿಯ ಮೇಲೆ ಹಾದು, ಸಮುದ್ರ ದಾಟಿ ಅಮೆರಿಕಕ್ಕೆ ಬಂತು. ನಾರ್ವೆ ಎಲ್ಲೋ ಮೇಲೆ, ಚಾವಣಿಯ ಹತ್ತಿರ ಇತ್ತು. ಅಯ್ಯೋ, ಬೆಟ್ಟದ ನೀರು ಹೋಯಿತಲ್ಲ ಎಂದು ನಾನು ಅಂದುಕೊಳ್ಳುತ್ತಿರುವಾಗಲೇ ನನ್ನ ಕಣ್ಣು ಗೆರೆಯ ಈ ತುದಿಗೆ ಬಂತು. ಅದು ಮೆಕ್ಸಿಕೋ ದೇಶದ ಮೇಲೆ ಹೋಗುತ್ತಿತ್ತು. ಕ್ಯಾಲಿಫೋರ್ನಿಯಾ ಪೂರ್ತಿ ಅದರ ಮೇಲಿತ್ತು.

ನಾನು ಎದ್ದು ಟೀವಿಯ ಮುಂದೆ ನಿಂತೆ. "ಇನ್ನೊಂದು ಸ್ವಲ್ಪ ಕಾಫಿ ಯಾರಿಗೆ ಬೇಕು?" ಎಂದೆ. ನಮ್ಮವರು ನನ್ನ ಮುಖ ನೋಡಿ, ಗೆರೆ ನೋಡಿ, ಬಿಳಿಚಿಕೊಂಡು ಲ್ಯಾಪ್‌ಟಾಪು ಮುಚ್ಚಲು ಹೋದರು. ಆದರೆ ಇಲ್ಲಿ ಹುಟ್ಟಿದ ಮಕ್ಕಳಿಗೆ ಸುಳ್ಳು ಹೇಳಲು ಬರುವುದಿಲ್ಲ, ಸುಮ್ಮನಿರಲೂ ಬರುವುದಿಲ್ಲ.

"ವೇಟ್," ಅಂದಳು ಮಗಳು. "ಅವರ್ ಹೌಸ್ ಈಸ್ ಅಬವ್ ದ ಲೈನ್. ಅಜ್ಜಿ, ಯೂ ಹ್ಯಾವ್ ಬೀನ್ ಔಟ್ ದಿಸ್ ಹೋಲ್ ಟೈಮ್."

ಅತ್ತೆಗೆ ಅಷ್ಟು ಇಂಗ್ಲಿಷು ಅರ್ಥವಾಗುತ್ತದೆ. "ಸ್ವಲ್ಪ ಜರುಗೆ," ಅಂದರು ನನಗೆ. ಜರುಗಿದೆ. ಅವರು ಎದ್ದು ಹತ್ತಿರ ಹೋಗಿ, ಬೆರಳಿಟ್ಟು ಕೈಲಾಸದಿಂದ ಗೆರೆಯನ್ನು ಹಿಡಿದು ಬಂದು ಮೆಕ್ಸಿಕೋದಲ್ಲಿ ನಿಲ್ಲಿಸಿದರು. ಅಲ್ಲಿಂದ ಬೆರಳು ಮೇಲಕ್ಕೆ ಎತ್ತಿ, "ನಾವು ಇಲ್ಲಿದೀವಾ?" ಎಂದು ಮಗನನ್ನು ಕೇಳಿದರು. ಮಗ ತಲೆಯಾಡಿಸಿದ. ಅಮೆರಿಕ ಪಶ್ಚಿಮ ಎಂದು ಎಲ್ಲರೂ ಒಪ್ಪಿ ಕೂತಿದ್ದೆವು. ಅದಕ್ಕೆ ಉತ್ತರ ದಿಕ್ಕೂ ಇರುತ್ತದೆ ಎಂದು ಇಷ್ಟು ವರ್ಷ ಒಬ್ಬರಿಗಾದರೂ ತಲೆಗೆ ಬಂದಿರಲಿಲ್ಲ. ಇಬ್ಬರು ಎಂಜಿನಿಯರುಗಳ ಮನೆ ಬೇರೆ.

ಅಂದಿನಿಂದ ಅತ್ತೆ ದಿನಕ್ಕೆ ಒಂದೇ ಹೊತ್ತು ಊಟ ಎಂದರು. ಟೀವಿಯ ದೋಣಿ ನಿಂತಿತು. ಫ್ಯೋರ್ಡಿನ ಮಾತು ಯಾರೂ ಎತ್ತಲಿಲ್ಲ, ಏಕೆಂದರೆ ಈಗ ಪ್ರಶ್ನೆ ಬೇರೆಯೇ ಆಗಿತ್ತು: ಅತ್ತೆ ಈ ಮನೆಯಲ್ಲಿ ಇರಬಹುದೇ?

ವ್ರತ ಕೊಟ್ಟ ಗುರುಗಳು ಈಗಿಲ್ಲ, ಕೇಳಲು ಯಾರೂ ಇರಲಿಲ್ಲ. ನಮ್ಮವರು ತಮ್ಮ ಬುದ್ಧಿಯನ್ನೆಲ್ಲ ಖರ್ಚು ಮಾಡಿದರು. "ಅಮ್ಮ, ದಕ್ಷಿಣದ ಕಡೆ ನೀನು ಹೋಗೋದೇ ಇಲ್ಲ. ಅಲ್ಲಿ ಸ್ವಲ್ಪ ಕಮ್ಮಿ ಮಾಡಿ, ಅಷ್ಟನ್ನ ಉತ್ತರಕ್ಕೆ ಸೇರಿಸಿದ್ರೆ? ಟೋಟಲ್ಲು ಅಷ್ಟೇ ಇರುತ್ತೆ."

"ಅದಕ್ಕೆ ಕ್ಷೇತ್ರವೃದ್ಧಿ ಅಂತ ಹೆಸರಿದೆ ಕಣಪ್ಪ," ಎಂದರು ಅತ್ತೆ. "ಒಂದು ಕಡೆ ಕಡಿದು ಇನ್ನೊಂದು ಕಡೆ ಬೆಳೆಸೋದು. ಮಾಡಬಾರದು ಅಂತ ಶಾಸ್ತ್ರದಲ್ಲೇ ಬರೆದಿದಾರೆ."

ನಮ್ಮವರಿಗೆ ಹೊಳೆದ ಉಪಾಯ ಸಾವಿರಾರು ವರ್ಷದ ಹಿಂದೆಯೇ ಯಾರಿಗೋ ಹೊಳೆದು, ಅದನ್ನು ಇನ್ಯಾರೋ ಮುಚ್ಚಿಯೂ ಬಿಟ್ಟಿದ್ದರು. ಬೇರೆ ಸಮಯವಾಗಿದ್ದರೆ ನಾನು ವಾರವಿಡೀ ನಗುತ್ತಿದ್ದೆ.

ನಗು ಬರದಿದ್ದುದಕ್ಕೆ ಕಾರಣ ಹ್ಯೂಸ್ಟನ್. ನಮ್ಮ ನಾದಿನಿ ಮದುವೆಯಾಗಿ ಅಲ್ಲಿಗೆ ಬಂದು ಎಷ್ಟೋ ವರ್ಷ. ಅಮ್ಮನನ್ನು ನಮ್ಮಲ್ಲಿಗೆ ಕಳಿಸಿ ಎಂದು ಅವಳು ಗೋಗರೆಯುವುದು, ಇಲ್ಲಿ ಬಸದಿ ಹತ್ತಿರ, ಅಲ್ಲಿ ಸೆಕೆ ಎಂದು ನಾನು ತಪ್ಪಿಸುವುದು ನಡೆದೇ ಇತ್ತು. ನನ್ನ ಮಗಳ ಬಾಯಿಂದ ಸುದ್ದಿ ತಿಳಿದು ಅವಳು ಫೋನ್ ಮಾಡಿದಳು. "ಅತ್ತಿಗೇ, ನಾನೂ ಮ್ಯಾಪು ನೋಡ್ದೆ! ನಮ್ಮನೆ ಗೆರೆ ಒಳಗೇ ಬರುತ್ತೆ!" ಗೆದ್ದವಳ ದನಿ. ಅತ್ತೆ ಮಾತಾಡಿ ಫೋನಿಟ್ಟು, ತಮ್ಮ ಕೋಣೆಗೆ ಹೋಗಿ, ನೀರು ಶೋಧಿಸುವ ಬಿಳಿ ಬಟ್ಟೆಗಳನ್ನು ಮಡಿಸಿ ಸೂಟ್‌ಕೇಸಿನ ಮೇಲೆ ಇಟ್ಟರು. ನನಗೆ ನಿಜವಾಗಿಯೂ ಭಯವಾಯಿತು. ಸಂಜೆ ಹೊತ್ತು ಮುಳುಗುವುದಕ್ಕೆ ಓಡೋಡಿ ಅಡುಗೆ ಮಾಡುವುದನ್ನು ಶಪಿಸಿಕೊಂಡೇ ಬಂದವಳು ನಾನು. ಈಗ ಆ ಓಟ ಇಲ್ಲದ ಸಂಜೆಯನ್ನು ನೆನೆಸಿಕೊಳ್ಳಲು ಆಗಲಿಲ್ಲ. ಅತ್ತೆಯಿಲ್ಲದ ಮನೆ ನನಗೆ ಬೇಡವಾಗಿತ್ತು.

ಮಾರನೆಯ ಬೆಳಗ್ಗೆ ಅವರು ಹೆಸರುಕಾಳು ಆರಿಸುತ್ತಾ ಕೂತಿದ್ದರು. ನಾನು ಎದುರಿಗೆ ಹೋಗಿ ಕೂತೆ. ಕೋಪ ಬಂದಿತ್ತು. ಯಾರ ಮೇಲೆ ಎಂದು ಗೊತ್ತಿಲ್ಲದೆ ಬಂದ ಕೋಪ.

"ಅತ್ತೆ, ಬಾಯಲ್ಲಿ ಹೇಳೋ ಮುಂಚೆ ಮನಸ್ಸಲ್ಲಿ ನಿಲ್ಲಿಸ್ಕೋ ಅಂತ ತಾನೆ ಗುರುಗಳು ಹೇಳಿದ್ದು? ಪಶ್ಚಿಮಕ್ಕೆ ಅಮೆರಿಕ ಅಂದ್ರಲ್ಲ, ಆವಾಗ ಮನಸ್ಸಲ್ಲಿ ಏನು ನಿಲ್ಲಿಸ್ಕೊಂಡ್ರಿ? ಈ ಮ್ಯಾಪಾ?"

"ಮ್ಯಾಪು ನಾನೆಲ್ಲಿ ನೋಡಿದ್ದೆ?"

"ಮತ್ತೆ? ಅಮೆರಿಕ ನೋಡಿದ್ರಾ?"

"ಇಲ್ಲ." ಅವರು ಒಂದು ಕಲ್ಲನ್ನು ಎತ್ತಿ ಪಕ್ಕಕ್ಕಿಟ್ಟರು. "ಒಂದು ಬಾಗ್ಲು ನಿಲ್ಲಿಸ್ಕೊಂಡೆ."

"ಯಾವ ಬಾಗ್ಲು?"

"ನೀವು ಮೊದಲು ಇದ್ರಲ್ಲ, ಆ ಅಪಾರ್ಟ್‌ಮೆಂಟು. ಫೋಟೋ ಕಳಿಸಿದ್ರಿ. ಬಾಗ್ಲಲ್ಲಿ ನೀನು ಕೆಂಪು ಸ್ವೆಟರ್ ಹಾಕ್ಕೊಂಡು ನಿಂತಿದ್ದೆ. ಗುರುಗಳು ಪಶ್ಚಿಮ ಅಂದಾಗ ಅದೇ ಬಂತು."

ನಾನು ಅವರ ಕೈಯಲ್ಲಿದ್ದ ಮೊರವನ್ನು ಕಿತ್ತುಕೊಂಡು ಕೆಳಗಿಟ್ಟೆ. ಹೆಸರುಕಾಳು ಅರ್ಧ ಚೆಲ್ಲಿತು. "ಹಾಗಿದ್ರೆ ನೀವು ಆ ಬಾಗ್ಲವರೆಗೂ ಬರಬಹುದು ಅಂತ ಅವತ್ತೇ ಗುರುಗಳ ಮುಂದೆ ಹೇಳಿದೀರಿ! ಅದು ಉತ್ತರದಲ್ಲಿರಲಿ, ಆಕಾಶದಲ್ಲಿರಲಿ, ನೀವು ನಿಲ್ಲಿಸ್ಕೊಂಡಿದ್ದು ಅದನ್ನೇ ತಾನೆ?"

ಅತ್ತೆ ಚೆಲ್ಲಿದ ಕಾಳನ್ನು ಒಂದೊಂದಾಗಿ ಆರಿಸಿಕೊಂಡರು. ಆಮೇಲೆ ಅಂದರು: "ಅಲ್ಲೀವರೆಗೂ ಇದೆ ನನ್ನ ಮಾತು. ಅದರಿಂದಾಚೆ ಒಂದು ಹೆಜ್ಜೆನೂ ಇಲ್ಲ. ಆ ಬಾಗ್ಲಿಂದ ಈ ಮನೆ ಯಾವ ಕಡೆ ಬರುತ್ತೆ, ಅವನನ್ನ ಕೇಳು."

ನಮ್ಮವರು ಆಫೀಸಿನ ಮೀಟಿಂಗು ಬಿಟ್ಟು ಅಳೆದರು. ನಮ್ಮ ನೆವಾರ್ಕು ಆ ಅಪಾರ್ಟ್‌ಮೆಂಟಿರುವ ಯೂನಿಯನ್ ಸಿಟಿಯಿಂದ ಒಂದಿಷ್ಟು ದಕ್ಷಿಣಕ್ಕಿದೆ. ಒಂದಿಷ್ಟೇ, ಆದರೆ ದಕ್ಷಿಣಕ್ಕೆ. ಬಸದಿ ಇನ್ನೂ ದಕ್ಷಿಣಕ್ಕೆ. ಗ್ರಾಸರಿ ಅಂಗಡಿಯೂ ಒಳಗೆ ಬಂತು. ಸ್ಯಾನ್ ಫ್ರಾನ್ಸಿಸ್ಕೋ ಮಾತ್ರ ಆಚೆ, ಇನ್ನು ಸೇತುವೆಯೂ ಇಲ್ಲ ಟ್ರಾಫಿಕ್ಕೂ ಇಲ್ಲ. ಅದಕ್ಕೆ ಅತ್ತೆ ಕಣ್ಣೂ ಮಿಟುಕಿಸಲಿಲ್ಲ. ಇಷ್ಟು ವರ್ಷ ತಿಳಿಯದೆ ಆಚೆ ಹೋಗಿದ್ದಕ್ಕೆಲ್ಲ ತಿಂಗಳಿಗೊಂದು ಉಪವಾಸ ಎಂದು ತಾವೇ ಲೆಕ್ಕ ಹಾಕಿಕೊಂಡರು. ಬಿಳಿ ಬಟ್ಟೆಗಳು ಸೂಟ್‌ಕೇಸಿನಿಂದ ಅಡುಗೆಮನೆಗೆ ವಾಪಸಾದವು. ಹ್ಯೂಸ್ಟನ್‌ಗೆ ಫೋನ್ ಮಾಡುವ ಕೆಲಸ ನಾನೇ ವಹಿಸಿಕೊಂಡೆ. ಅಂಥ ಸಂತೋಷವನ್ನು ಬೇರೆಯವರಿಗೆ ಬಿಟ್ಟುಕೊಡುವಷ್ಟು ದೊಡ್ಡ ಮನಸ್ಸು ನನಗಿಲ್ಲ.

ಆದರೆ ಬೆಟ್ಟದ ನೀರು ಹೋಯಿತು. ಅದೊಂದು ಚುಚ್ಚುತ್ತಲೇ ಇತ್ತು. "ನಾನು ಕೆಂಪು ಸ್ವೆಟರ್ ಹಾಕ್ಕೊಂಡು ನಾರ್ವೆಲಿ ಒಂದು ಬಾಗ್ಲಲ್ಲಿ ನಿಂತ್ಕೊಂಡ್ರೆ?" ಎಂದು ಕೇಳಿ ನೋಡಿದೆ.

"ನಿನ್ನಂಥೋರು ಇರ್ತಾರೆ ಅಂತಾನೇ ಶಾಸ್ತ್ರ ಅಷ್ಟು ಉದ್ದ ಬರೆದಿರೋದು," ಎಂದು ಅತ್ತೆ ನಕ್ಕರು. ಜೂನಿನಲ್ಲಿ ನಾವಿಬ್ಬರೇ ಹೋಗಿ ಬರಬೇಕು, ಮೊಮ್ಮಗಳು ತಮ್ಮ ಜೊತೆ ಇರುತ್ತಾಳೆ ಎಂದು ಹಟ ಹಿಡಿದರು. ಆಮೇಲೆ, ಎರಡನೆಯ ಸಲ, ತಮಗಾಗಿ ಒಂದು ಕೇಳಿದರು. "ನಂಗೆ ಆ ಬಾಗ್ಲು ತೋರ್ಸಿ. ನನ್ನ ಗಡಿ ನಾನೇ ನೋಡಿಲ್ಲ."

ಹೀಗೆ ನಮ್ಮ ಮಹಾಪ್ರವಾಸ ಒಂದು ಭಾನುವಾರ ಹೊರಟಿತು. ನೆವಾರ್ಕಿನಿಂದ ಯೂನಿಯನ್ ಸಿಟಿಗೆ, ಫ್ರೀವೇ ಬೇಡ ಎಂದು ಒಳರಸ್ತೆಯಲ್ಲೇ. ನಮ್ಮವರು ಶ್ರದ್ಧೆಯಿಂದ ಪ್ಲಾನು ಮಾಡಿದ್ದರು, ನೀರು ನೋಡಲು ಒಂದು ಕೆರೆಯ ಹತ್ತಿರ ನಿಲ್ಲಿಸಿದರು. ಅಲ್ಲಿ ಚಪಾತಿ, ಪಲ್ಯ ತಿಂದೆವು. ಬಾತುಗಳನ್ನು ನೋಡಿ ಅತ್ತೆ, "ಬೆಟ್ಟ ಒಂದಿಲ್ಲ, ಅಷ್ಟೇ" ಅಂದರು.

ಅಪಾರ್ಟ್‌ಮೆಂಟು ಹಾಗೇ ಇತ್ತು. ಬಾಗಿಲಿಗೆ ಮಾತ್ರ ಹಸಿರು ಬಣ್ಣ ಬಂದಿತ್ತು, ಹೊರಗೆ ಯಾರದೋ ಮಕ್ಕಳ ಪುಟ್ಟ ಶೂಗಳು. ನನ್ನ ಹಳೆಯ ಸ್ವೆಟರು ಎಂದೋ ಹೋಗಿತ್ತು, ಮಗಳ ಕೆಂಪು ಹುಡ್ಡಿ ತೊಟ್ಟಿದ್ದೆ. ಅತ್ತೆ ಬಾಗಿಲಿನಿಂದ ನಾಲ್ಕು ಹೆಜ್ಜೆ ಈಚೆಗೇ ನಿಂತು, "ನಿಂತ್ಕೋ ಹೋಗು" ಅಂದರು. ನಿಂತೆ. ಒಳಗಿನವರು ಬಾಗಿಲು ತೆರೆದರೆ ಏನು ಹೇಳುವುದೆಂದು ಯೋಚಿಸುತ್ತಾ, ಹಲ್ಲು ಕಾಣುವಂತೆ ನಕ್ಕೆ. ನಮ್ಮವರು ಫೋನು ಹಿಡಿದರು.

"ಆವತ್ತೂ ಹಿಂಗೇ ಹಲ್ಲು ಬಿಟ್ಟಿದ್ದೆ," ಅಂದರು ಅತ್ತೆ. "ಕಣ್ಣು ಮಾತ್ರ ಊದಿತ್ತು. ಚೆನ್ನಾಗಿ ಅತ್ತು, ಮುಖ ತೊಳ್ಕೊಂಡು ಬಂದು ನಿಂತಂಗಿತ್ತು. ಎಷ್ಟು ದಿನ ನೋಡಿದೀನಿ ಆ ಫೋಟೋನ. ಯಾವತ್ತಾದ್ರೂ ಒಂದಿನ ಈ ಹುಡುಗಿ ಹತ್ರ ಹೋಗ್ಬೇಕಾಗುತ್ತೆ ಅನ್ನಿಸ್ತು. ಅದಕ್ಕೇ ಪಶ್ಚಿಮಾನ ಅಷ್ಟು ದೂರ ಇಟ್ಕೊಂಡೆ."

ನಾನು ಆ ದಿನ ಬೆಳಗ್ಗೆಯಿಂದ ಅತ್ತಿದ್ದೆ. ಬಾಗಿಲು ತೆರೆದರೆ ಗುರುತಿನ ಒಂದು ಮುಖವಿಲ್ಲದ ಊರು ಎಂದು ಅತ್ತಿದ್ದೆ. ಅದನ್ನು ಈ ತನಕ ಯಾರಿಗೂ ಹೇಳಿರಲಿಲ್ಲ. ಆ ಫೋಟೋ ತೆಗೆದವರೇ ಈಗಲೂ ಎದುರಿಗೆ ಫೋನು ಹಿಡಿದು ನಿಂತಿದ್ದರು. ಅವರಿಗೂ ಗೊತ್ತಿರಲಿಲ್ಲ.